ರುಚಿಗೊಂದು ಚಮಚ

ಕಾರ್ಖಾನೆ ಕ್ಯಾಂಟೀನಿನ ಬಾಣಸಿಗನಿಗೆ ಕೆಲಸಗಾರರು ಇಟ್ಟ ಹೆಸರು ಸೌಟಪ್ಪ. ಮದುವೆಯಾದಾಗಿನಿಂದ ಹೆಂಡತಿಯೂ ಅದೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಆದರೆ ಹಂಡೆಯ ಉಪ್ಪು ನೋಡುವ ಹಕ್ಕು ಅವನೊಬ್ಬನದೇ. ಆ ವಿಷಯದಲ್ಲಿ ಮಹಾರಾಯ ದೇವರನ್ನೂ ನಂಬುವವನಲ್ಲ.

ಅವನ ಸಕ್ಕರೆ ಕಾಯಿಲೆ ಏರುತ್ತ ಹೋದಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು. "ನಿಮ್ಮ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸೋ ಜೀವಕೋಶಗಳು ಪೂರ್ತಿ ಸತ್ತಿಲ್ಲ. ಸುತ್ತ ಕೊಬ್ಬು ತುಂಬ್ಕೊಂಡು, ದುಡಿದು ದುಡಿದು ಸುಸ್ತಾಗಿವೆ. ಊಟ ಕಮ್ಮಿ ಮಾಡಿ, ಮೈ ಕರಗಿಸಿ, ಅವು ಚೇತರಿಸ್ಕೋಬಹುದು. ಇಲ್ಲಾಂದ್ರೆ ಮುಂದಿನ ಸಲ ಇಂಜೆಕ್ಷನ್ನೇ."

ಸೂಜಿ ಎಂದರೆ ಸೌಟಪ್ಪನಿಗೆ ಜೀವ ಬಾಯಿಗೆ ಬರುತ್ತಿತ್ತು. ಅಂದಿನಿಂದ ಅವನ ತಟ್ಟೆಯಲ್ಲಿ ಗುಬ್ಬಚ್ಚಿ ಊಟ. ಅವನೊಬ್ಬನೇ ಹಸಿದಿರುವುದನ್ನು ನೋಡಲಾರದೆ ಹೆಂಡತಿಯೂ ಅರ್ಧ ಹೊಟ್ಟೆ ಉಂಡಳು. ಅವಳ ಕೆನ್ನೆ ಒಳಗೆ ಹೋಯಿತೇ ಹೊರತು ಇವನ ಹೊಟ್ಟೆ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

"ಕದ್ದು ತಿಂತೀರಾ?"

"ನಿನ್ನಾಣೆಗೂ ಒಂದು ತುತ್ತು ಮುಟ್ಟಿಲ್ಲ ಕಣೇ."

ಅವನು ಸುಳ್ಳಾಡುವವನಲ್ಲ. ಅವಳು ಒಂದು ದಿನವಿಡೀ ಅವನ ಕೈಯನ್ನೇ ಗಮನಿಸಿದಳು. ಸೂಪಿಗೊಂದು ಚಮಚ, ಬೇಳೆಗೊಂದು, ಹುರಿದ ಆಲೂಗಡ್ಡೆಯ ಚೂರೊಂದು. ಉಪ್ಪು ಹಾಕಿ ಮತ್ತೊಮ್ಮೆ, ಇಳಿಸುವ ಮುಂಚೆ ಇನ್ನೊಮ್ಮೆ.

ಮರುದಿನ ಒಂದು ಬೋಗುಣಿ ತಂದಿಟ್ಟಳು. "ಬಾಯಿಗೆ ಎಷ್ಟು ಹಾಕ್ತೀರೋ, ಇದಕ್ಕೂ ಅಷ್ಟೇ ಹಾಕಿ."

ಅಡುಗೆ ಮುಗಿಯುವಷ್ಟರಲ್ಲಿ ಬೋಗುಣಿ ತುಂಬಿತ್ತು. ಸೌಟಪ್ಪ ಪಿಳಿಪಿಳಿ ಕಣ್ಣು ಬಿಟ್ಟ.

"ರುಚಿ ನೋಡೋದು ಊಟ ಹೇಗಾಗುತ್ತೆ?"

"ಅದನ್ನ ನಿಮ್ಮ ಹೊಟ್ಟೆಗೇ ಹೇಳಿ."

ಅವನ ಕಣ್ಣು ಅವಳ ಬತ್ತಿದ ಕೆನ್ನೆಯ ಮೇಲೆ ಬಿತ್ತು. ತನ್ನಿಂದಾಗಿ ಇವಳು ಸುಮ್ಮಸುಮ್ಮನೆ ಸೊರಗಿದಳಲ್ಲ ಎಂದು ನಾಚಿಕೆಯಿಂದ ಮುಖ ಹಿಡಿಯಷ್ಟಾಯಿತು.

ಮಾರನೇ ದಿನ ಬೇಳೆ ಕುದಿಯುವಾಗ ಚಮಚ ತುಂಬಿದ, ಊದಿ ಆರಿಸಿದ, ಬಾಯಿಯ ತನಕ ತಂದ. ಅಲ್ಲೇ ತಡೆದು ಹೆಂಡತಿಯತ್ತ ಚಾಚಿದ.

"ಉಪ್ಪು ನೋಡು."

ಅವಳು ಚಪ್ಪರಿಸಿದಳು. "ಜಾಸ್ತಿಯಾಗಿದೆ. ಮೊದಲಿಂದಲೂ ಜಾಸ್ತಿನೇ."

ಸೌಟಪ್ಪ ವಾದಕ್ಕಿಳಿಯದೆ ಹಂಡೆಗೆ ನೀರು ಬೆರೆಸಿದ.

ತಿಂಗಳುಗಳು ಕಳೆದು, ಬೆಲ್ಟಿಗೆ ಹೊಸ ತೂತು ಕೊರೆದ ಮೇಲೆ, ಡಾಕ್ಟರಮ್ಮ ಪರೀಕ್ಷೆ ಮಾಡಿ ನಕ್ಕರು. "ಜೀವಕೋಶಗಳು ಮತ್ತೆ ಕೆಲಸ ಶುರು ಮಾಡಿವೆ. ಸದ್ಯಕ್ಕೆ ಸೂಜಿ ಬೇಡ. ಆದ್ರೆ ಹಿಡಿತ ಬಿಡಬೇಡಿ."

ಹೊರಗೆ ಬಂದಾಗ ಅವನ ಕಣ್ಣು ತುಂಬಿತ್ತು. "ಇವತ್ತಿಂದ ನೀನು ಹೊಟ್ಟೆ ತುಂಬ ಉಣ್ಬೇಕು," ಎಂದ.

"ಎಲ್ಲಿ ಉಣ್ಲಿ? ನಿಮ್ಮ ಹಂಡೆಗಳ ರುಚಿ ನೋಡೇ ಹೊಟ್ಟೆ ತುಂಬ್ತಿದೆ," ಎಂದಳು ಅವಳು. ಕೆನ್ನೆಯೂ ತುಂಬಿತ್ತು.