ಎಣಿಕೆ ಸರಿಯಾಗುವವರೆಗೆ

ನಿವೃತ್ತಿಯಾಗಿ ಎರಡು ತಿಂಗಳು ಕಳೆದಿದ್ದರೂ ಬೆಳಿಗ್ಗೆ ಎದ್ದ ಕೂಡಲೇ ಸಿಸ್ಟರ್ ಅವರ ಕಣ್ಣು ಗೋಡೆಯ ಕಡೆಗೇ ಹೋಗುತ್ತಿತ್ತು. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಆ ದಿನದ ಪಟ್ಟಿ ಗೋಡೆಯ ಮೇಲಿರುತ್ತಿತ್ತು. ಮೊದಲು ಯಾರ ಹೊಟ್ಟೆ, ಆಮೇಲೆ ಯಾರ ಮಂಡಿ, ಎಲ್ಲ ಸಾಲಾಗಿ. ಮನೆಯ ಗೋಡೆಯ ಮೇಲೆ ಒಂದು ಗಡಿಯಾರ, ಒಂದು ಕ್ಯಾಲೆಂಡರ್. ಎರಡೂ ಅವರಿಗೆ ಏನನ್ನೂ ಹೇಳುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ನರ್ಸಾಗಿ ಎಲ್ಲರ ಬಾಯಲ್ಲೂ ಸಿಸ್ಟರ್ ಆಗಿದ್ದವರು, ಈಗ ಸೊಸೆ 'ಅತ್ತೆ' ಎಂದು ಕರೆದರೆ ಹಿಂದೆ ಯಾರೋ ನಿಂತಿರಬೇಕು ಅನ್ನಿಸಿ ತಿರುಗಿ ನೋಡುವರು.

"ಅತ್ತೆ, ನೀವು ಆರಾಮಾಗಿ ಕೂತ್ಕೊಳ್ಳಿ" ಎಂದರೆ ಕೂರುವರು. ಎಷ್ಟು ಹೊತ್ತು ಕೂರಬೇಕು, ಅದನ್ನು ಯಾರೂ ಹೇಳುತ್ತಿರಲಿಲ್ಲ.

ಆದರೆ ಈ ದಿನ ಮಾತ್ರ ಏನಿದೆಯೆಂದು ಅವರಿಗೆ ಗೊತ್ತಿತ್ತು. ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರುವ ದಿನ. ಮೊಮ್ಮಗಳು ಹುಟ್ಟಿದಾಗಿನಿಂದ "ಅತ್ತೆ ರಿಟೈರ್ ಆಗ್ಲಿ, ಆಮೇಲೆ ಕೆಲಸಕ್ಕೆ ಹೋಗ್ತೀನಿ, ನೋಡ್ತಿರಿ" ಎಂದು ಹೇಳಿಕೊಂಡು ಬಂದಿದ್ದಳು. ಅಂಗಡಿ ಯಜಮಾನ ಒಂಬತ್ತೂವರೆ ಅಂದರೆ ಒಂಬತ್ತೂವರೆ. ಮೊದಲ ದಿನವೇ ತಡವಾಗಿ ಬಂದವರು ಅದೇ ದಾರೀಲಿ ವಾಪಸ್ ಹೋಗಬಹುದು ಎಂದಿದ್ದನಂತೆ.

ಎಂಟೂ ಇಪ್ಪತ್ತಕ್ಕೆ ಸೊಸೆಯ ಕುರ್ತಾದ ಗುಂಡಿ ಕಿತ್ತುಬಂತು. ಸಿಸ್ಟರ್ ಒಳಗಿನಿಂದ ಸೂಜಿಯ ಪುಟ್ಟ ಡಬ್ಬಿ ತಂದು, ಮುಚ್ಚಳ ತೆಗೆದು, "ಆರು" ಎಂದು ಕೈಗಿಟ್ಟರು. ಸೊಸೆ ನಡುಮನೆಯ ಚಾಪೆಯ ಮೇಲೆ ಕೂತು ಗುಂಡಿ ಹೊಲಿದು, ಹಲ್ಲಲ್ಲಿ ದಾರ ಕಡಿದು, ಸೂಜಿಯನ್ನು ಡಬ್ಬಿಗೆ ಹಾಕಿದಳು. ಮುಚ್ಚಳ ಹಾಕುವಷ್ಟರಲ್ಲಿ ಎರಡು ವರ್ಷದ ಮೊಮ್ಮಗಳು ಓಡಿ ಬಂದು ಡಬ್ಬಿಯನ್ನು ಕವುಚಿಬಿಟ್ಟಳು.

ಸಿಸ್ಟರ್ ಮೊದಲು ಮಗುವನ್ನು ಎತ್ತಿಕೊಂಡರು. ಆಮೇಲೆ ಹೋಗಿ ಬೀದಿ ಬಾಗಿಲಿಗೆ ಚಿಲಕ ಹಾಕಿದರು.

"ಯಾರೂ ಅಲ್ಲಾಡಬೇಡಿ. ನಿಂತಲ್ಲೇ ನಿಂತಿರಿ."

ಲಿಫ್ಟ್ ರಿಪೇರಿ ಮಾಡುವ ಮಗ ಒಂದು ಕಾಲಿಗೆ ಬೂಟು ಹಾಕಿಕೊಂಡಿದ್ದವನು, ಇನ್ನೊಂದು ಕಾಲನ್ನು ಎತ್ತಿಕೊಂಡೇ ನಿಂತ. ಸೊಸೆ ಸೂಜಿಗಳನ್ನು ಹೆಕ್ಕಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಚಾಪೆ ಕೊಡವಿದರು. ಐದು. ಸೊಸೆಯ ದುಪಟ್ಟಾ ಕೊಡವಿದರು, ಮಗುವಿನ ಬಟ್ಟೆ ಬಿಚ್ಚಿ ನೋಡಿದರು. ಐದೇ.

"ಅಮ್ಮಾ, ಇದೇನು ನಿನ್ನ ಥಿಯೇಟರಾ? ಇಲ್ಲಿ ಯಾರ ಹೊಟ್ಟೇನೂ ಬಿಚ್ಚಿಟ್ಟಿಲ್ಲ, ಬಾಗಿಲು ತೆಗಿ" ಎಂದ ಮಗ.

"ಎಣಿಕೆ ಸರಿಯಾಗೋವರೆಗೂ ತೆಗಿಯಲ್ಲ."

"ಮುದುಕಿಗೆ ಕೆಲಸ ಬಿಟ್ರೂ ಚಾಳಿ ಬಿಟ್ಟಿಲ್ಲ."

"ಬಾಯಿ ಮುಚ್ಚಿಕೊಂಡು ನಿನ್ನ ಪ್ಯಾಂಟಿನ ಮಡಿಕೆ ನೋಡು."

ಥಿಯೇಟರಿನಲ್ಲಿ ಈ ಮಾತಿಗೆ ಎದುರಾಡಿದವರಿರಲಿಲ್ಲ. ಹೊಲಿಗೆ ಹಾಕುವ ಮುಂಚೆ, ಒಳಗೇನೂ ಉಳಿದಿಲ್ಲವೆಂದು ಖಚಿತವಾಗಲು, ಸೂಜಿ, ಕತ್ತರಿ, ಬಟ್ಟೆಯ ಚೂರು ಎಲ್ಲವನ್ನೂ ಅವರು ಎಣಿಸಬೇಕು. ಒಂದು ಕಮ್ಮಿ ಎಂದರೆ ಎಂಥ ದೊಡ್ಡ ಡಾಕ್ಟರಾದರೂ ಕೈ ಮೇಲೆತ್ತಿ ನಿಲ್ಲಬೇಕು. ಒಮ್ಮೆ ಮುಕ್ಕಾಲು ಗಂಟೆ ನಿಲ್ಲಿಸಿದ್ದರು. ದೇವರ ದಯೆ, ಅವರ ಲೆಕ್ಕ ಒಂದು ಸಲವೂ ಸುಳ್ಳಾಗಿರಲಿಲ್ಲ.

ಎಂಟೂ ನಲವತ್ತು. ಬಸ್ಸು ಎಂಟೂ ಐವತ್ತಕ್ಕೆ.

"ಅತ್ತೆ, ನೀವು ಆರು ಎಣಿಸಿದ್ರಲ್ಲ, ಖಂಡಿತಾನಾ?" ಸೊಸೆ ಗಡಿಯಾರ ನೋಡುತ್ತ ಕೇಳಿದಳು.

ಸಿಸ್ಟರ್ 'ಹೂಂ' ಎನ್ನಲು ಬಾಯಿ ತೆರೆದವರು ತಡೆದುಕೊಂಡರು. ಮುಚ್ಚಳ ತೆಗೆದದ್ದು ನೆನಪಿತ್ತು. ಆರು ಎಂದದ್ದು ನೆನಪಿತ್ತು. ಕಣ್ಣು ಕಂಡು ಹೇಳಿತೋ, ಬಾಯಿ ತಾನಾಗೇ ಹೇಳಿತೋ? ಥಿಯೇಟರಿನ ಸೂಜಿ ಪೊಟ್ಟಣದಲ್ಲೂ ಆರೇ ಇರುತ್ತಿದ್ದವು. ಎಷ್ಟು ಸಾವಿರ ಸಲ ಆ ಮಾತನ್ನು ಆಡಿದ್ದರೋ. ತಲೆಯೊಳಗೆ ಆ ಡಬ್ಬಿಯನ್ನು ಮತ್ತೆ ಮತ್ತೆ ತೆರೆದು ನೋಡಿದರು. ಒಂದು ಸಲ ಆರು ಕಂಡವು, ಇನ್ನೊಂದು ಸಲ ಐದು.

ಸೊಸೆ ಒಳಗೆ ಹೋಗಿ, ಬಂದು, ಕುರ್ಚಿಯ ಕೆಳಗೆ ಬಗ್ಗಿದಳು. "ಸಿಕ್ತು! ಇಲ್ಲಿದೆ ನೋಡಿ!"

ಅವಳ ಬೆರಳ ನಡುವೆ ಸೂಜಿಯಿತ್ತು. ಸ್ವಲ್ಪ ದಪ್ಪ, ಅಗಲ ಕಣ್ಣು. ಕಂಬಳಿ ಹೊಲಿಯುವ ಸೂಜಿ. ಡಬ್ಬಿಯಲ್ಲಿದ್ದವೆಲ್ಲ ಸಣ್ಣವು.

"ಅಬ್ಬಾ, ಆರಾಯ್ತು. ಇನ್ನಾದ್ರೂ ತೆಗಿ ತಾಯಿ" ಎಂದ ಮಗ.

ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಅವರ ಮುಂದೆ ಹೀಗೆ ಬೇರೆ ಸೂಜಿ ಹಿಡಿಯುವ ಧೈರ್ಯ ಮಾಡಿರಲಿಲ್ಲ. ಸಿಸ್ಟರ್ ಸೊಸೆಯ ಮುಖ ನೋಡಿದರು. ಕಣ್ಣಿನ ಕಾಡಿಗೆ ಇನ್ನೇನು ಕರಗಿ ಇಳಿಯುವುದರಲ್ಲಿತ್ತು.

"ಎಣಿಕೆ ಸರಿ" ಎಂದು ಚಿಲಕ ತೆಗೆದರು.

ಇಬ್ಬರೂ ಓಡಿದರು. ಮನೆ ತಟ್ಟನೆ ಖಾಲಿಯಾಯಿತು. ಮಗು ಕೆಳಗಿಳಿಯಲು ಒದ್ದಾಡಿತು. ಅವರು ಇಳಿಸಲಿಲ್ಲ. ತಾನು ಈಗ ಮಾಡಿದ್ದೇನು? ತಪ್ಪು ಲೆಕ್ಕಕ್ಕೆ ಸರಿ ಎಂದದ್ದೋ, ಸರಿ ಲೆಕ್ಕವನ್ನು ಸುಮ್ಮನೆ ತಪ್ಪೆಂದು ಎಲ್ಲರನ್ನೂ ಗೋಳಾಡಿಸಿದ್ದೋ? ಎರಡರಲ್ಲಿ ಯಾವುದೆಂದು ತಿಳಿದಿದ್ದರೆ ಅಳುವುದಕ್ಕಾದರೂ ಒಂದು ದಾರಿ ಇರುತ್ತಿತ್ತು.

ಫೋನು ಹೊಡೆದುಕೊಂಡಿತು. ಬಸ್ಸಿನ ಸದ್ದಿನ ನಡುವೆ ಸೊಸೆಯ ದನಿ. "ಅತ್ತೆ, ಆ ಸೂಜಿ..."

"ಗೊತ್ತು."

"ಗೊತ್ತಿತ್ತಾ? ಮತ್ತೆ ಯಾಕೆ ಸರಿ ಅಂದ್ರಿ?"

"ಯಾಕೆ ಅಂದ್ನೋ ನಂಗೂ ತಿಳೀತಿಲ್ಲ ಕಣೆ."

"ಪಾಪು ಎಲ್ಲಿದೆ?"

"ಸೊಂಟದ ಮೇಲೆ."

"ಇಳಿಸಬೇಡಿ ಅತ್ತೆ. ನಾನು ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ ಬಂದುಬಿಡ್ತೀನಿ. ಬರ್ಲಾ? ನೀವೇ ಹೇಳಿ, ನೀವು ಹೇಳಿದ ಹಾಗೆ."

ಥಿಯೇಟರಿನಲ್ಲಿ ಅವರು ಸಂಖ್ಯೆ ಹೇಳಿದರೆ ಮುಗಿಯುತ್ತಿತ್ತು. ಮುಂದೇನು ಎನ್ನುವುದು ಡಾಕ್ಟರ ಪಾಲು. ಇಲ್ಲಿ ಡಾಕ್ಟರು ಯಾರು? ಮಗು ಅವರ ಕಿವಿಯ ಓಲೆಯನ್ನು ಎಳೆಯುತ್ತಿತ್ತು.

"ನೀನು ಹೋಗು" ಎಂದರು.

"ಆದ್ರೆ ಸೂಜಿ?"

"ಇದೆಯೋ ಇಲ್ವೋ ಗೊತ್ತಿಲ್ಲ. ಆರು ಅಂತ ನೋಡಿದ್ನೋ, ಬರೀ ಅಂದ್ನೋ, ಅದೂ ಗೊತ್ತಿಲ್ಲ. ನೀನು ಬರೋವರೆಗೂ ಪಾಪೂನ ನೆಲಕ್ಕೆ ಬಿಡಲ್ಲ. ಅದೊಂದು ಗೊತ್ತು."

"ಹನ್ನೆರಡು ಕೆಜಿ ಇದಾಳೆ ಅತ್ತೆ."

"ನಿನ್ನ ಗಂಡ ಇದಕ್ಕಿಂತ ಭಾರ ಇದ್ದ. ಬುದ್ಧಿ ಮಾತ್ರ ಹಗುರ."

ಸೊಸೆ ಅಳುತ್ತಲೇ ನಕ್ಕಳು. ಬಸ್ಸು ನಿಂತ ಸದ್ದು ಕೇಳಿತು, ಯಾರೋ ಇಳಿದರು, ಯಾರೋ ಹತ್ತಿದರು. ಬಸ್ಸು ಮತ್ತೆ ಹೊರಟಿತು. "ಹೋಗ್ತಿದೀನಿ ಅತ್ತೆ" ಎಂದಳು.

ಸಿಸ್ಟರ್ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡರು. ಸೊಸೆ ಬರಲು ಇನ್ನೂ ಎಂಟು ಗಂಟೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ಹತ್ತಿರದಿಂದ ಶುರುಮಾಡಿ, ನೆಲದ ಒಂದೊಂದೇ ಹಾಸುಗಲ್ಲನ್ನು ಬಗ್ಗಿ ನೋಡುತ್ತ ಒಳಗೆ ಬಂದರು.