ಯಲ್ಲವ್ವ ಹಾಕಿದ ಹೆಪ್ಪು

ಧಾರವಾಡದಲ್ಲಿ ದನ ಸಾಕುವ ತರಬೇತಿ ಮುಗಿಸಿ ಬಂದ ಮೇಲೆ ಸಾಂಬ್ರಾಣಿಯ ಅಂದಾನೆಪ್ಪನ ಗಂಟಲು ಒಂದು ಸುತ್ತು ದೊಡ್ಡದಾಗಿತ್ತು. ಪ್ರತಿ ರವಿವಾರ ಮಠದ ಕಟ್ಟೆಯ ಮೇಲೆ ಊರಿನ ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು, ಕರು ಬೆಳೆಸುವುದು ಹೇಗೆ, ಕೆಚ್ಚಲು ತೊಳೆಯುವುದು ಹೇಗೆ ಎಂದು ಪಾಠ ಹೇಳುತ್ತಿದ್ದ. ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ಅವನನ್ನು ಅವರೆಲ್ಲ ಅಣ್ಣಾರ ಅನ್ನುತ್ತಿದ್ದರು. ಅದು ಕಿವಿಗೆ ಹಿತವಾಗಿಯೇ ಇತ್ತು.

“ಜಡ್ಡು ಬಿದ್ದ ಎಮ್ಮಿ ಹಾಲು ಮಾರೂದಂದ್ರ ಉಣ್ಣಾವರ ಕಣ್ಣಾಗ ಮಣ್ಣು ತೂರಿದಂಗ,” ಅನ್ನುತ್ತಿದ್ದ. “ಔಷಧ ಹಾಕಿದ ಎಮ್ಮಿ ಹಾಲಂತೂ ಡಾಕ್ಟರ್ ಹೂಂ ಅನ್ನೂತನಕ ಯಾರ ಮನಿಗೂ ಹೋಗಬಾರದು. ಏನಂದೆ?” ಮಕ್ಕಳು ಒಂದೇ ದನಿಯಲ್ಲಿ ಅದನ್ನು ಒಪ್ಪಿಸುತ್ತಿದ್ದರು.

ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮಾಘದ ಚಳಿಯಲ್ಲಿ ಅಂದಾನೆಪ್ಪನದೇ ಎರಡು ಎಮ್ಮೆಗಳಲ್ಲಿ ಒಂದಕ್ಕೆ ಕೆಚ್ಚಲು ಬಾವು ಬಂತು. ಹಳಿಯಾಳದಿಂದ ಬಂದ ದನದ ಡಾಕ್ಟರು ಮೊಲೆಯೊಳಗೆ ಟ್ಯೂಬಿನ ಔಷಧ ಹಿಂಡಿ, ದಿನಾ ಹೀಗೇ ಹಾಕಬೇಕೆಂದು ಇನ್ನಷ್ಟು ಟ್ಯೂಬು ಕೊಟ್ಟರು. “ನಾ ಹೇಳೂತನಕ ಇದರ ಹಾಲು ಚೆಲ್ಲಬೇಕು. ಕೆಲವರ ಮೈಗೆ ಈ ಔಷಧ ಆಗಿ ಬರೂದಿಲ್ಲ,” ಎಂದು ಎಚ್ಚರಿಸಿದರು. ಅಂದಾನೆಪ್ಪ ತಲೆಯಾಡಿಸಿದ. ಆದರೆ ದಾಂಡೇಲಿಯ ಕಾಗದದ ಮಿಲ್ಲಿನವರಿರುವ ಬಂಗೂರನಗರದಲ್ಲಿ ಅವನ ಹಾಲಿಗೆ ಕಾಯುವ ಮನೆಗಳಿದ್ದವು. ಒಂದು ವಾರ ಹಾಲು ನಿಂತರೆ ಬೇರೆಯವನು ಅಲ್ಲಿ ಕ್ಯಾನು ಇಳಿಸುತ್ತಾನೆ, ಆಮೇಲೆ ಆ ಬಾಗಿಲು ತನಗೆ ತೆರೆಯುವುದಿಲ್ಲ. ಹಾಲು ನೋಡಿದ: ಬಣ್ಣ ಕೆಟ್ಟಿಲ್ಲ, ವಾಸನೆಯಿಲ್ಲ. ಚೂರು ಔಷಧಕ್ಕೆ ಏನಾಗುತ್ತದೆ, ತರಬೇತಿ ಆದವನಲ್ಲವೇ ನಾನು ಅಂದುಕೊಂಡು ಎರಡೂ ಎಮ್ಮೆಯ ಹಾಲು ಒಂದೇ ಕ್ಯಾನಿಗೆ ಸುರಿದ. ಎಂದಿನಂತೆ ಮಿಲ್ಲಿಗೆ ಬಿದಿರು ಒಯ್ಯುವ ಲಾರಿ ಹತ್ತಿ ದಾಂಡೇಲಿಗೆ ಹೋಗಿ ಹಂಚಿ ಬಂದ.

ಅವನ ಹಾಲು ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರು ಒಂಟಿ ಗಂಡಸರು, ಚಹಾಕ್ಕೆ ಮಾತ್ರ. ಮಸರು ಮಾಡುವ ಮನೆ ಯಲ್ಲವ್ವನದೊಂದೇ. ಅವಳ ಮಗ ಮಹಾಂತಪ್ಪ ಮಿಲ್ಲಿನಲ್ಲಿ ಪಾಳಿ ಕೆಲಸಗಾರ; ಸೊಸೆ ಸಕ್ಕುಬಾಯಿ ಬೈಲಹೊಂಗಲದ ಕಡೆಯಿಂದ ಮದುವೆಯಾಗಿ ಬಂದು ತಿಂಗಳಾಗಿತ್ತು. ಆ ಮನೆಯಲ್ಲಿ ಹೊಸ ಸೊಸೆಗೆ ಮೊದಲು ಒಪ್ಪಿಸುವುದು ಮಸರಿನ ಗಡಿಗೆಯನ್ನು. ಯಲ್ಲವ್ವ ಒಳ್ಳೆಯ ದಿನ ನೋಡಿ ಗಡಿಗೆ ಒಪ್ಪಿಸಿದ್ದಳು. ಅದು ಸರಿಯಾಗಿ ಅಂದಾನೆಪ್ಪ ಆ ಹಾಲು ಕೊಟ್ಟ ದಿನವೇ ಆಗಿತ್ತು.

ಮರುದಿನ ಬೆಳಿಗ್ಗೆ ಯಲ್ಲವ್ವ ಬಾಗಿಲಲ್ಲೇ ಗಡಿಗೆ ಹಿಡಿದು ನಿಂತಿದ್ದಳು.

“ನೋಡೋ ತಮ್ಮಾ, ರಾತ್ರಿ ಹೆಪ್ಪು ಹಾಕಿದ್ದು ಇನ್ನೂ ಹಾಲ ಐತಿ. ನಾ ಈ ಮನಿಗೆ ಬಂದಾಗಿಂದ ಒಂದಿನ ಮಸರು ಕೆಟ್ಟಿದ್ದಿಲ್ಲ. ಇಕಿ ಕೈ ಹಚ್ಚಿದ್ಲು, ಹಿಂಗಾತು. ಎಂಥಾ ಕೈ ಅಂತೀನಿ!”

ಬಾಗಿಲ ಮರೆಯಲ್ಲಿ ಸಕ್ಕುಬಾಯಿ ಸೆರಗು ಬಾಯಿಗೆ ಹಿಡಿದು ನಿಂತಿದ್ದು ಅಂದಾನೆಪ್ಪನಿಗೆ ಕಂಡಿತು. ಕಾರಣ ಅವನಿಗೆ ಆ ಕ್ಷಣವೇ ಹೊಳೆಯಿತು. ಟ್ಯೂಬಿನ ಔಷಧ ಹಾಕಿದ ಎಮ್ಮೆಯ ಹಾಲು ಹೆಪ್ಪಾಗುವುದಿಲ್ಲ ಎಂದು ಧಾರವಾಡದಲ್ಲಿ ಹೇಳಿಕೊಟ್ಟಿದ್ದರು.

“ಥಂಡಿ ಇರಬೇಕ್ರಿ ಯಲ್ಲವ್ವಾರ,” ಅಂದ.

“ಥಂಡಿ ನಮ್ಮ ಮನಿಗಷ್ಟ ಬಂದೈತೇನು?” ಎಂದು ಯಲ್ಲವ್ವ ಗಡಿಗೆ ಕುಕ್ಕಿದಳು. ಅಂದಾನೆಪ್ಪ ತಲೆ ತಗ್ಗಿಸಿ, ಕ್ಯಾನು ಬಗ್ಗಿಸಿ, ಅದೇ ಹಾಲನ್ನು ಅವತ್ತೂ ಅಳೆದು ಕೊಟ್ಟು ಹೊರಟ.

ಆ ದಿನ ಅವನಿಗೆ ಕೂತಲ್ಲಿ ಮುಳ್ಳು, ನಿಂತಲ್ಲಿ ಕೆಂಡ. ಹೊಲಕ್ಕೆ ಹೋದವನು ಅರ್ಧ ದಾರಿಯಿಂದ ತಿರುಗಿ ಬಂದ. ಎಮ್ಮೆಗೆ ಎರಡು ಸಲ ನೀರು ತೋರಿಸಿದ. ಅದು ಎರಡನೆಯ ಸಲ ಮೂತಿ ತಿರುಗಿಸಿತು. ಊಟದಲ್ಲಿ ತಾಯಿ ಗುರುಸಿದ್ದವ್ವ ಗಟ್ಟಿ ಮಸರು ಬಡಿಸಿದಳು. ಅದು ಹಿಂದಿನ ದಿನ ಮನೆಯ ಗಡಿಗೆಗೆಂದು, ಕ್ಯಾನಿಗೆ ಸುರಿಯುವ ಮೊದಲೇ ಅವಳು ತೆಗೆದಿಟ್ಟ ಜಡ್ಡಿಲ್ಲದ ಎಮ್ಮೆಯ ಹಾಲಿನದು. ಅಂದಾನೆಪ್ಪ ತಾಟು ಆಚೆ ಸರಿಸಿ ಎದ್ದ.

“ಬೆಕ್ಕಿನಂಗ ಒಳಗ ಹೊರಗ ಯಾಕ ಅಡ್ಡಾಡಾಕತ್ತಿ? ಏನಾಗೈತಿ?” ಎಂದು ತಾಯಿ ಕೇಳಿದಳು.

“ಏನಿಲ್ಲ ಬೇ,” ಅಂದ. ಏನಿಲ್ಲ ಎನ್ನುವವನ ಹತ್ತಿರವೇ ಏನಾದರೂ ಇರುವುದು.

ಮರುದಿನ ಅವನು ರೋಗದ ಎಮ್ಮೆಯ ಹಾಲನ್ನು ಬೇರೆ ತಂಬಿಗೆಯಲ್ಲಿ ಹಿಂಡಿ, ಒಳ್ಳೆಯದನ್ನು ಮಾತ್ರ ಕ್ಯಾನಿಗೆ ಹಾಕಿಕೊಂಡ. ಹೇಳಿಬಿಡಬೇಕು, ತಂಬಿಗೆ ತೋರಿಸಿ ಹೇಳಬೇಕು ಎಂದು ಲಾರಿಯಲ್ಲಿ ಮಾತು ಜೋಡಿಸಿದ. ಗುಂಡಿ ಬಂದಾಗಲೆಲ್ಲ ಅದು ಮತ್ತೆ ಚದುರಿತು. ಯಲ್ಲವ್ವನ ಮನೆ ಮುಟ್ಟಿದರೆ ಕಟ್ಟೆಯ ಮೇಲೆ ಸಕ್ಕುಬಾಯಿಯ ತವರಿನ ಟ್ರಂಕು ಇತ್ತು.

“ಮತ್ತ ಹಂಗ ಆತು,” ಅಂದಳು ಯಲ್ಲವ್ವ. “ತವರಿಗೆ ಕಳಸಾಕತ್ತೇನಿ. ಮನ್ಯಾಗ ಮಸರು ಕೆಡಾಕ ಹತ್ತಿದ್ರ ಮುಂದ ಏನ ಕೆಟ್ಟೀತೋ, ಯಾರಿಗ್ಗೊತ್ತು. ಕರಸೂದು ಆಮ್ಯಾಲಿನ ಮಾತು.”

ರಾತ್ರಿ ಪಾಳಿ ಮುಗಿಸಿ ಬಂದ ಮಹಾಂತಪ್ಪ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಅಂದಾನೆಪ್ಪ ಕ್ಯಾನು ಕೆಳಗಿಟ್ಟ.

“ಅಕ್ಕಾರ ಕೈದು ತಪ್ಪಿಲ್ರಿ. ಹಾಲಿಂದ ತಪ್ಪು. ನಮ್ಮ ಎಮ್ಮಿಗೆ ಔಷಧ ಹಾಕೇವಿ. ಆ ಹಾಲು ನಿಮಗ ಕೊಡಬಾರದಿತ್ತು, ಕೊಟ್ಟೆ.”

ಇಷ್ಟು ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಯಲ್ಲವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಹೌದೇನು? ಚಹಾ ಕುಡದೇವಿ, ಹಾಲು ನೆಟ್ಟಗ ಇತ್ತಲ್ಲ? ನಿನ್ನಿ ಥಂಡಿ ಅಂದಿ, ಇವತ್ತು ಔಷಧ ಅಂತಿ. ಅತ್ತು ಕಣ್ಣು ಕೆಂಪು ಮಾಡ್ಕೊಂಡಾಳ ನನ್ನ ಸೊಸಿ, ಕರಳು ಚುರ್ ಅಂದಿದ್ದು ನಿನಗ. ಯಾಕೋ ತಮ್ಮಾ?”

ಪಕ್ಕದ ಕ್ವಾರ್ಟರ್ಸಿನ ಕಿಟಕಿಯೊಂದು ಕಿರುಗುಟ್ಟಿತು. ಮಹಾಂತಪ್ಪ ತಲೆಯೆತ್ತಿದ. ಸಕ್ಕುಬಾಯಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ನಿಜ ಹೇಳಿ ಆ ಹೆಣ್ಣುಮಗಳನ್ನು ಇನ್ನೂ ಆಳದ ಬಾವಿಗೆ ನೂಕಿದೆನಲ್ಲ ಎಂದು ಅಂದಾನೆಪ್ಪನಿಗೆ ಅನ್ನಿಸಿತು. ತಾನೀಗ ಇಲ್ಲಿಂದ ಕಾಲು ಕಿತ್ತರೆ ಅವಳ ಹೆಸರು ಪೂರ್ತಿ ಹಾಳು.

“ನನ್ನ ಮಾತು ನಂಬಬ್ಯಾಡ್ರಿ, ನಿಮ್ಮ ಕೈ ನಂಬ್ರಿ,” ಅಂದ. “ಈ ತಂಬಿಗ್ಯಾಗ ಔಷಧದ ಎಮ್ಮಿ ಹಾಲೈತಿ. ಇದಕ್ಕ ನೀವ ಹೆಪ್ಪು ಹಾಕ್ರಿ. ಕ್ಯಾನಿನಾಗಿನ ಹಾಲಿಗೆ ಅಕ್ಕಾರು ಹಾಕ್ಲಿ. ಹೆಪ್ಪು ಬ್ಯಾರೆ ಮನಿಯಿಂದ ತರ್ರಿ. ಎರಡೂ ಒಂದ ಒಲಿ ಮಗ್ಗಲಕ್ಕ ಇಡ್ರಿ.”

ಯಲ್ಲವ್ವನಿಗೆ ತನ್ನ ಕೈಯ ಮೇಲೆ ಬಹಳ ನೆಚ್ಚಿಕೆ. ಅವಳು ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದಾಗ ಮಹಾಂತಪ್ಪ, “ಒಂದಿನ ತಡಿ ಅವ್ವ, ಬಸ್ಸು ನಾಳೆನೂ ಐತಿ,” ಅಂದ. ಈ ಗಡಿಗೆಯ ತಕರಾರಿನಲ್ಲಿ ಅವನು ಆಡಿದ ಮೊದಲ ಮಾತು ಅದು.

ಅಂದಾನೆಪ್ಪನಿಗೆ ಹೊಸ ಚಿಂತೆ ಹತ್ತಿತು. ಔಷಧದ ಜೋರು ಕಡಿಮೆಯಾಗಿ ಯಲ್ಲವ್ವನ ಹಾಲು ಗಟ್ಟಿ ಮಸರಾಗಿಬಿಟ್ಟರೆ? ಹಾಲು ಕೆಡದಿರಲಿ ಎಂದು ದಿನಾ ಬೇಡುವವನು ಅವತ್ತು, ಕಲ್ಮೇಶ್ವರಾ, ಹಾಲು ಕೆಡಸಪ್ಪಾ ಎಂದು ಬೇಡಿಕೊಂಡ. ದೇವರಿಗೂ ನಗು ಬಂದಿರಬೇಕು.

ಮರುದಿನ ರವಿವಾರ. ಲಾರಿ ನಿಲ್ಲುವ ಮೊದಲೇ ಜಿಗಿದು, ಓಡುನಡಿಗೆಯಲ್ಲಿ ಯಲ್ಲವ್ವನ ಮನೆಗೆ ಹೋದ. ಕಟ್ಟೆಯ ಮೇಲೆ ಎರಡು ಗಡಿಗೆ ಇದ್ದವು. ಸೊಸೆಯ ಗಡಿಗೆಯಲ್ಲಿ ಸೌಟು ನೆಟ್ಟಗೆ ನಿಂತಿತ್ತು. ಅತ್ತೆಯ ಗಡಿಗೆಯಲ್ಲಿ ಹಾಲು ತುಳುಕುತ್ತಿತ್ತು. ಟ್ರಂಕು ಒಳಗೆ ಹೋಗಿತ್ತು.

ಯಲ್ಲವ್ವ ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದಳು. ಅವನನ್ನು ಕಂಡದ್ದೇ ಎದ್ದಳು.

“ಇದನ್ನೇನೋ ನಮ್ಮ ಹೊಟ್ಟಿಗೆ ಹಾಕಿದ್ದು? ಹಾಲಂತ ನಂಬಿ ಉಂಡ್ವಿ!” ಎಂದು ತನ್ನ ಗಡಿಗೆಯನ್ನು ಅವನ ಕೈಗೆ ತುರುಕಿದಳು. “ಒಯ್ಯಿ. ಇನ್ನ ಈ ಬಾಗಲಕ್ಕ ಬರಬ್ಯಾಡ.”

ಅವನು ಹೊರಟಾಗ ಸಕ್ಕುಬಾಯಿ ಬಾಗಿಲ ಮರೆಯಿಂದ ಈಚೆ ಬಂದಳು. ಉಪಕಾರದ ಮಾತು ಬರುತ್ತದೆಂದು ಅವನ ಮನಸ್ಸಿನ ಮೂಲೆಯಲ್ಲಿ ಆಸೆಯಿತ್ತು, ಸುಳ್ಳೇಕೆ.

“ಅಣ್ಣಾರ, ಮೊದಲನೇ ದಿನಾನ ನಿಮಗ ಗೊತ್ತಾಗಿತ್ತಲ್ರಿ?” ಅಂದಳು. “ಅತ್ತಿ ನನ್ನ ಬೈಯೂದು ನಿಂತು ಕೇಳಿದ್ರಿ. ಥಂಡಿ ಅಂದ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಉಳಿದ ಮನೆಗಳಿಗೂ ಹೋಗಿ ನಡೆದದ್ದು ಹೇಳಿದ. ಕೆಲವರು ಬೈದರು, ಒಬ್ಬ ನಕ್ಕ, ಇಬ್ಬರು ನಾಳೆಯಿಂದ ಬೇಡ ಅಂದರು.

ಸಂಜೆ ಮಠದ ಕಟ್ಟೆಯ ಮೇಲೆ ಮಕ್ಕಳ ನಡುವೆ ಯಲ್ಲವ್ವನ ಗಡಿಗೆ ಇಟ್ಟ.

“ಇದು ಯಾಕ ಮಸರಾಗಿಲ್ಲ?”

“ಔಷಧ ಹಾಕಿದ ಎಮ್ಮಿ ಹಾಲ್ರಿ!” ಎಂದು ಚನಬಸಪ್ಪ ಎಲ್ಲರಿಗಿಂತ ಮೊದಲು ಕೂಗಿದ. “ಯಾರ ಮನೀದ್ರಿ ಅಣ್ಣಾರ?”

“ನಮ್ಮನೀದು. ಮಾರೀನಿ.”

ಚೇಷ್ಟೆ ಎಂದುಕೊಂಡು ಎಲ್ಲರೂ ನಕ್ಕರು. ಮುಂದೆ ಕೂತಿದ್ದ ನೀಲಕ್ಕ ಮಾತ್ರ ನಗಲಿಲ್ಲ. ಹೋದ ವರ್ಷದಿಂದ ಅವನ ಮಾತು ಕೇಳಿಯೇ ಒಂದು ಕರು ಸಾಕಿ ದೊಡ್ಡದು ಮಾಡಿದ ಹುಡುಗಿ ಅವಳು.

“ಗೊತ್ತಿಲ್ದ ಕೊಟ್ಟಿರ್ಬೇಕಲ್ರಿ?” ಎಂದು ಮೆಲ್ಲಗೆ ಕೇಳಿದಳು.

ಹೂಂ ಅಂದರೆ ಸಾಕಿತ್ತು. ಆ ಹುಡುಗಿ ತಾನೇ ಬಾಗಿಲು ತೆರೆದು ಹಿಡಿದಿದ್ದಳು. ಅಂದಾನೆಪ್ಪ ಗಡಿಗೆಯ ಕಡೆ ನೋಡಿದ.

“ಗೊತ್ತಿತ್ತವಾ,” ಅಂದ. “ಗೊತ್ತಿದ್ದ ಕೊಟ್ಟೆ. ಕೇಳಿದ್ರ ಥಂಡಿ ಅಂದೆ.”