ಬಿಸಿ ಆರುವ ಮುನ್ನ

"ಕೈ ಬೆಚ್ಚಗಿದೆ," ಎಂದ ಇಸ್ತ್ರಿಯವನು. ಯಾರಿಗೆ ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ.

ಮಂಚದ ಈ ಬದಿಗೆ ಅವನು, ಆ ಬದಿಗೆ ಹೆಂಡತಿ, ನಡುವೆ ಬಿಳಿ ಚಾದರದಡಿ ಮಗಳು ಬುಗುರಿ. ಅಪ್ಪ ಅಮ್ಮ ಇಟ್ಟ ಹೆಸರು ಶಾಲೆಯ ಹಾಜರಿಗೆ ಮಾತ್ರ ಬಳಕೆಯಾಗುತ್ತಿತ್ತು. ನಿಂತಲ್ಲಿ ನಿಲ್ಲದ ಹುಡುಗಿಗೆ ಬೀದಿಯವರು ಕೊಟ್ಟ ಹೆಸರೇ ಗಟ್ಟಿಯಾಗಿ ನಿಂತಿತ್ತು. ಈಗ ತಲೆಗೆ ಸುತ್ತಿದ ಪಟ್ಟಿ ಹುಬ್ಬಿನವರೆಗೂ ಇಳಿದಿತ್ತು. ಬಾಯಿಗೆ ಕೊಳವೆ. ತಲೆದೆಸೆಯ ಯಂತ್ರ ಉಸ್ಸೆಂದಾಗ ಎದೆ ಏಳುತ್ತಿತ್ತು, ಯಂತ್ರ ಸುಮ್ಮನಾದಾಗ ಇಳಿಯುತ್ತಿತ್ತು. ಆ ಸದ್ದು ಅವನಿಗೆ ಹೊಸದಲ್ಲ. ಅಂಗಡಿಯ ಹಬೆ ಇಸ್ತ್ರಿಯೂ ಹೀಗೇ ಉಸ್ಸೆನ್ನುತ್ತದೆ. ಕಣ್ಣು ಮುಚ್ಚಿದರೆ ತಾನು ಅಂಗಡಿಯಲ್ಲೇ ಇದ್ದೇನೆ, ಮೇಜಿನ ಕೆಳಗೆ ಇವಳು ಕಾಲು ಚಾಚಿ ಕೂತು ಉದುರಿದ ಗುಂಡಿಗಳನ್ನು ಬಣ್ಣಬಣ್ಣವಾಗಿ ಜೋಡಿಸುತ್ತಿದ್ದಾಳೆ ಎನ್ನಿಸುತ್ತಿತ್ತು. ಕಣ್ಣು ತೆರೆದರೆ ನೀಲಿ ಪರದೆ. ಪರದೆಯಾಚೆ, ನೀರಿನೊಳಗೆ ಮುಳುಗಿ ನೋಡಿದಂಥ ಬೆಳಕು.

"ಬೆಚ್ಚಗಿರೋಳ್ನ ಹೋದ್ಳು ಅಂದ್ರೆ ಯಾರು ನಂಬ್ತಾರೋ?" ಕಾಲ ಬಳಿ ನಿಂತಿದ್ದ ಅಕ್ಕ ಗೊಣಗಿದಳು. ಅವನಿಗಿಂತ ಹಿರಿಯಳು, ಬುಗುರಿಯನ್ನು ಎತ್ತಿ ಆಡಿಸಿದ ಅತ್ತೆ. "ಎರಡು ಸಲ ಪರೀಕ್ಷೆ ಮಾಡಿದ್ರಂತೆ. ಮೂರನೇ ಸಲ ಮಾಡಿದ್ರೆ ಇವರ ಗಂಟೇನು ಹೋಗುತ್ತೆ?"

ಡಾಕ್ಟರು ಬಿಡಿಸಿ ಹೇಳಿದ್ದರು. ಮಿದುಳು ಸತ್ತಿದೆ. ಉಸಿರು ಯಂತ್ರದ್ದು, ಮಗುವಿನದ್ದಲ್ಲ. ಅವನು ತಲೆಯಾಡಿಸಿದ್ದ. ತಲೆಯಾಡಿಸುವುದಕ್ಕೂ ನಂಬುವುದಕ್ಕೂ ಏನು ಸಂಬಂಧ?

ಪರದೆ ಸರಿಸಿ ಬೂದು ಕೋಟಿನ ಹೆಂಗಸೊಬ್ಬಳು ಬಂದಳು. ಇಂಥ ಮನೆಯವರ ಜೊತೆ ಮಾತಾಡುವುದೇ ಅವಳ ಕೆಲಸವಂತೆ. ಮೂವರನ್ನೂ ಪಕ್ಕದ ಕೋಣೆಗೆ ಕರೆದೊಯ್ದು ತಾನೇ ಕುರ್ಚಿ ಎಳೆದು ಕೊಟ್ಟಳು. ಮೆತ್ತೆಯ ಕುರ್ಚಿ. ಕೂತ ಕೂಡಲೇ ಅವನ ಮೈ ಉರಿಯಿತು. ಮೊನ್ನೆ ರಕ್ತ ಸೋರುವ ಮಗುವನ್ನು ಎದೆಗವಚಿಕೊಂಡು ಓಡಿಬಂದಾಗ "ಏಯ್, ಸಾಲಲ್ಲಿ ಬಾರಯ್ಯ" ಎಂದು ಗದರಿದ್ದು ಇದೇ ಕಟ್ಟಡ. ಅವತ್ತು ನಿಲ್ಲುವುದಕ್ಕೂ ಜಾಗವಿರಲಿಲ್ಲ, ಇವತ್ತು ಕೂರುವುದಕ್ಕೆ ಮೆತ್ತೆ. ಕೊಡುವುದಕ್ಕೆ ಏನಾದರೂ ಇದ್ದಾಗ ಮಾತ್ರ ಬಡವನ ಕಡೆಗೆ ಕುರ್ಚಿ ಜರುಗಿ ಬರುತ್ತದೆ.

"ಸುತ್ತಿ ಬಳಸಿ ಮಾತಾಡಲ್ಲ," ಎಂದಳು ಕೋಟಿನ ಹೆಂಗಸು. "ಕೇಳೋದು ನನ್ನ ಕೆಲಸ, ಕೇಳ್ತಿದೀನಿ. ಬೇಡ ಅಂದ್ರೆ ಇನ್ನೊಂದು ಮಾತಾಡದೆ ಎದ್ದು ಹೋಗ್ತೀನಿ. ಮಗುವಿನ ಹೃದಯ, ಲಿವರ್, ಕಿಡ್ನಿ, ಕಣ್ಣು ಚೆನ್ನಾಗಿವೆ. ಇವು ಸಿಗದೇ ಸಾಯ್ತಿರೋ ಮಕ್ಕಳಿದಾರೆ."

"ಯಾರ ಮಕ್ಕಳು?"

"ಗೊತ್ತಿಲ್ಲ. ನನಗೂ ಹೇಳಲ್ಲ. ಸಾಲಲ್ಲಿ ಯಾರು ಮುಂದಿದಾರೋ ಅವರು."

"ಸಾಲಾ!" ಅವನು ನಕ್ಕುಬಿಟ್ಟ. "ನಮ್ಮಂಥೋರು ಸಾಲಲ್ಲಿ ಮುಂದೆ ಇದ್ದಿದ್ದನ್ನ ನಾನಂತೂ ಕಂಡಿಲ್ಲ ಮೇಡಂ."

"ನಾನು ಕಂಡಿದೀನಿ," ಎಂದಳು ಅವಳು. ಸ್ವಲ್ಪ ತಡೆದು, "ಯಾವಾಗ್ಲೂ ಅಲ್ಲ," ಎಂದೂ ಸೇರಿಸಿದಳು.

ಆ ಕೊನೆಯ ಮಾತು ಬರುತ್ತದೆಂದು ಅವನು ಎಣಿಸಿರಲಿಲ್ಲ. ಮೊದಲ ಸಲ ಅವಳ ಮುಖ ನೋಡಿದ. ಕಣ್ಣಿನಡಿ ಕಪ್ಪು, ಕೋಟಿನ ಕಾಲರು ಸುಕ್ಕು.

"ಯೋಚನೆ ಮಾಡಿ. ಆದ್ರೆ ತುಂಬಾ ಹೊತ್ತಿಲ್ಲ. ಯಂತ್ರ ಎಷ್ಟೂಂತ ಹಿಡಿದಿಡುತ್ತೆ? ತೆಗೆದ ಮೇಲೂ ಐಸಲ್ಲಿಟ್ಟುಕೊಂಡು ಓಡಬೇಕು. ಹೊತ್ತು ಮೀರಿದ್ರೆ ಯಾರಿಗೂ ಉಪಯೋಗ ಇಲ್ಲ."

"ಕಣ್ಣು ಮಾತ್ರ ಬೇಡ ಕಣಮ್ಮ," ಎಂದಳು ಅಕ್ಕ. "ಹೋಗೋ ದಾರಿ ಕಾಣೋದು ಬೇಡ್ವಾ ಅವಳಿಗೆ?"

ಹೆಂಡತಿ ಬಟ್ಟೆ ಒಗೆಯುವ ಸೋಡಾಪುಡಿಯಿಂದ ಬಿಳಿಚಿದ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಿದ್ದಳು, ಬಿಡಿಸುತ್ತಿದ್ದಳು.

ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ಆಸ್ಪತ್ರೆಯ ಗೋಡೆಗೆ ಬಾಯಿಯೂ ಇರಬೇಕು. ಅವರು ಹೊರಗೆ ಕಾಲಿಡುವಷ್ಟರಲ್ಲಿ ಪುರಸಭೆಯ ಅಧ್ಯಕ್ಷರು ಎದುರಿಗೆ ಬಂದಿದ್ದರು. ಹಿಂದೆ ಇಬ್ಬರು ಚೇಲಾಗಳು. ಒಬ್ಬ ಆಗಲೇ ಫೋನು ಎತ್ತಿ ಹಿಡಿದಿದ್ದ. ಅಧ್ಯಕ್ಷರ ಬಿಳಿ ಅಂಗಿಯ ತೋಳಿನ ಮೇಲಿದ್ದ ಗೆರೆ ಇಸ್ತ್ರಿಯವನದ್ದೇ. ಅವರು ಕೈ ಚಾಚಿ ತಬ್ಬಿದರು; ತಾನು ಒತ್ತಿದ ಗೆರೆ ತನ್ನ ಹೆಗಲ ಮೇಲೆ ಬಂದು ಕೂತಾಗ ಅವನಿಗೆ ಅಸಹ್ಯವಾಯಿತು.

"ಎಂಥ ದೊಡ್ಡ ಮನಸ್ಸಪ್ಪ ನಿಮ್ಮದು! ವಿಷಯ ಕೇಳಿ ಕಣ್ಣಲ್ಲಿ ನೀರು ಬಂತು. ಮಗು ಅಮರಳಾಗ್ತಾಳೆ. ಪಾರ್ಕಿಗೆ ಅವಳ ಹೆಸರೇ ಇಡಿಸ್ತೀನಿ."

ಪಾರ್ಕಿಗೆ! ಅಲ್ಲಿನ ಉಯ್ಯಾಲೆಯ ಸರಪಳಿ ಸವೆದಿದೆಯೆಂದು ಬೀದಿಯವರೆಲ್ಲ ಪುರಸಭೆಗೆ ಹೋಗಿ ಹೇಳಿದ್ದರು. ಬದಲಾದದ್ದು ಸರಪಳಿಯಲ್ಲ, ಅದರ ಬಣ್ಣ. ತುಕ್ಕಿನ ಮೇಲೆ ಹಳದಿ ಬಳಿದರು, ರಿಬ್ಬನ್ ಕತ್ತರಿಸಿದರು, ಇದೇ ಅಧ್ಯಕ್ಷರು ಉಯ್ಯಾಲೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮೊನ್ನೆ ಸಂಜೆ ಬುಗುರಿ ಎಲ್ಲರಿಗಿಂತ ಮೇಲಕ್ಕೆ ಜೀಕಿದಳು. ಮೇಲೆ ಹೋದಾಗ ಸರಪಳಿ ಕೈಬಿಟ್ಟಿತು.

"ತುಕ್ಕಿನ ಮೇಲೆ ಒಂದು ಕೋಟು ಬಳಿದಾಯ್ತು," ಎಂದ ಅವನು. ಧ್ವನಿ ಏರಲಿಲ್ಲ. "ಈಗ ನನ್ನ ಮಗಳ ಮೇಲೆ ಇನ್ನೊಂದು ಕೋಟು ಬಳಿಯೋಕೆ ಬಂದ್ರಾ?" ಆಮೇಲೆ ಬೂದು ಕೋಟಿನವಳ ಕಡೆ ತಿರುಗಿದ. "ಬೇಡ ಮೇಡಂ. ಏನೂ ಕೊಡಲ್ಲ. ಒಂದು ಕೂದಲೂ ಇಲ್ಲ."

ಮೆಟ್ಟಿಲಿಳಿದು ನಡೆದುಬಿಟ್ಟ.

ಎಲ್ಲಿಗೆ ಎಂದು ಕಾಲಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಧ್ಯಾಹ್ನದ ಬೀದಿ ಬಿಸಿಲಿಗೆ ಅಲುಗಾಡುತ್ತಿತ್ತು. ಸೈಕಲ್ ಅಂಗಡಿ, ಬೇಕರಿ, ಕ್ಷೌರದ ಅಂಗಡಿ ಎಲ್ಲವೂ ಗಾಜಿನ ಹಿಂದಿನಿಂದ ನೋಡಿದಂತೆ ಸದ್ದಿಲ್ಲದೆ ಸರಿದವು. ಯಾರೋ ಮಾತಾಡಿಸಿದರು, ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ. ಅಂಗಡಿಯ ಷಟರ್ ಎತ್ತಿದಾಗ ಸೋಪಿನ, ಸುಟ್ಟ ಹತ್ತಿಯ, ಒದ್ದೆ ಬಟ್ಟೆಯ ವಾಸನೆ ಒಟ್ಟಿಗೆ ಬಂದು ಅವನನ್ನು ತಬ್ಬಿಕೊಂಡಿತು.

ಒಗೆದು ಹಿಂಡಿದ್ದ ಬಟ್ಟೆಯ ರಾಶಿ ಹಾಗೇ ಬಿದ್ದಿತ್ತು. ಅದರ ಮೇಲೆ ಸರಪಳಿ. ಮೊನ್ನೆ ಮಗುವನ್ನು ಒಳಗೆ ಕೊಟ್ಟ ಮೇಲೆ ಹುಚ್ಚನಂತೆ ಪಾರ್ಕಿಗೆ ಓಡಿ, ಹರಿದ ಆ ತುಂಡನ್ನು ಕಿತ್ತು ತಂದು ಇಲ್ಲಿ ಬಿಸಾಕಿ ಹೋಗಿದ್ದ. ಈಗ ಎತ್ತಿ ನೋಡಿದರೆ ಕೆಳಗಿದ್ದುದು ಅಧ್ಯಕ್ಷರ ಬಿಳಿ ಅಂಗಿ. ಎದೆಯ ಮೇಲೆ ಸರಪಳಿಯ ಕೊಂಡಿಗಳು ಒಂದಕ್ಕೊಂದು ಹೆಣೆದುಕೊಂಡು ಕಂದು ಬಣ್ಣದಲ್ಲಿ ಮೂಡಿದ್ದವು. ಬೇರೆ ದಿನವಾಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ತುಕ್ಕಿನ ಕಲೆ ಸತ್ತರೂ ಬಿಡುವುದಿಲ್ಲ. ಈಗ ಸುಮ್ಮನೆ ಪಕ್ಕಕ್ಕಿಟ್ಟ.

ರಾಶಿಯ ಅಡಿಯಲ್ಲಿ ಬುಗುರಿಯ ನೀಲಿ ಫ್ರಾಕು ಇತ್ತು, ದೊಡ್ಡ ಜೇಬಿನದ್ದು. ಅದನ್ನು ಮೇಜಿನ ಮೇಲೆ ಹರಡಿದ. ಇಸ್ತ್ರಿ ಕಾಯಿತು. ಉಸ್ಸೆಂದು ಹಬೆ ಎದ್ದು ಅಂಗಡಿಯನ್ನೆಲ್ಲ ತುಂಬಿತು.

ಹಬೆಯಲ್ಲಿ ಅವಳು ಬರುತ್ತಿದ್ದುದು ಹೀಗೇ. ಅಂಗಿ ಮಡಚುವುದೇ ತಡ, "ಕೊಡಪ್ಪಾ, ಬಿಸಿ ಆರುತ್ತೆ!" ಎಂದು ಕಸಿದುಕೊಂಡು ಬೀದಿಗೆ ನೆಗೆಯುತ್ತಿದ್ದಳು. ಬಿಸಿ ಆರುವ ಮುನ್ನ ಗಿರಾಕಿಯ ಕೈಗೆ ತಲುಪಬೇಕು. ಅವಳೇ ಕಟ್ಟಿದ ಆಟ, ಅವಳದೇ ಕಾನೂನು. "ದಾರಿ ಬಿಡಿ, ಬಿಸಿ ಇದೆ! ದಾರಿ ಬಿಡಿ!" ಎಂದು ಕೂಗುತ್ತ ಓಡಿದರೆ ತಳ್ಳುಗಾಡಿಯವರೂ ಜರುಗಿ ನಿಲ್ಲುತ್ತಿದ್ದರು. ಮೊದಲು ಅವಳು, ಆಮೇಲೆ ಬಾಗಿಲು ತೆಗೆದವರು ಅಂಗಿಗೆ ಕೆನ್ನೆ ಒತ್ತಿ ನೋಡಲೇಬೇಕು. "ಬೆಚ್ಚಗಿದ್ಯೋ ಇಲ್ವೋ ಹೇಳಿ, ಆಮೇಲೆ ಬಾಗಿಲು ಹಾಕ್ಕೊಳ್ಳಿ." ಅಧ್ಯಕ್ಷರ ಅಂಗಿಗೆ ಮಾತ್ರ ಅವಳು ಕೆನ್ನೆ ಇಡುತ್ತಿರಲಿಲ್ಲ. "ಸೆಂಟು ವಾಸ್ನೆ, ಛೀ."

"ಇಲ್ಲೇ ಇರ್ತೀಯ ಅಂದ್ಕೊಂಡೆ."

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಕೊಟ್ರೆ ಆ ಅಧ್ಯಕ್ಷ ಗೆದ್ದ ಹಾಗೆ," ಎಂದ ಅವನು, ಇಸ್ತ್ರಿ ನಿಲ್ಲಿಸದೆ. "ನಾಳೆ ಪೇಪರಿನಲ್ಲಿ ಅವನು, ಅವನ ಹಾರ, ನಮ್ಮ ತ್ಯಾಗ. ಸರಪಳಿ ಮಾತು ಯಾರು ಎತ್ತುತ್ತಾರೆ?"

"ನಾನು ಎತ್ತುತ್ತೀನಿ."

"ನಿನ್ನ ಮಾತು ಯಾರು ಕೇಳ್ತಾರೆ?"

"ಕೇಳೋವರೆಗೂ ಎತ್ತುತ್ತೀನಿ. ಬಟ್ಟೆ ಒಗೆಯೋಳು ನಾನು, ಒಂದೇ ಏಟಿಗೆ ಕೊಳೆ ಹೋಗಲ್ಲ ಅಂತ ಗೊತ್ತು." ಅವಳು ಒಳಗೆ ಬಂದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಾಗಾಯ್ತು ನಿನ್ನ ಕಥೆ. ಸಿಟ್ಟು ಅವನ ಮೇಲೆ ತಾನೆ? ಎಲ್ಲೋ ಮಲಗಿರೋ ಮಗು ನಿಂಗೇನು ಮಾಡಿತ್ತು?"

ಅವನು ಇಸ್ತ್ರಿಯನ್ನು ಎತ್ತಿ ನಿಲ್ಲಿಸಿದ. "ಅವಳ ಕೈ ಬೆಚ್ಚಗಿದೆ ಕಣೇ."

ಹೆಂಡತಿ ಫ್ರಾಕನ್ನು ಮಡಚಿ ಅವನ ಎರಡೂ ಅಂಗೈಗಳ ಮೇಲಿಟ್ಟಳು. "ಇದೂ ಬೆಚ್ಚಗಿದೆ," ಎಂದಳು. "ಇದರ ಬಿಸಿ ಯಾರದು?"

ಅವನು ಇಸ್ತ್ರಿಯನ್ನು ನೋಡಿದ. ಫ್ರಾಕನ್ನು ನೋಡಿದ. ಜೀವಮಾನವೆಲ್ಲ ಬಟ್ಟೆ ಒತ್ತಿದವನು ಬಿಸಿ ಇಳಿಯುವುದನ್ನು ಎಂದೂ ಕಾದು ಕೂತವನಲ್ಲ. ಮೊದಲು ಅಂಚು ತಣ್ಣಗಾಯಿತು. ಆಮೇಲೆ ತೋಳು. ಜೇಬಿನ ಹತ್ತಿರ, ಬಟ್ಟೆ ಎರಡು ಪದರವಿದ್ದಲ್ಲಿ, ಇನ್ನೂ ಸ್ವಲ್ಪ ಉಳಿದಿತ್ತು. ಅವನ ಹೆಗಲು ಕುಸಿಯಿತು. ಹೆಂಡತಿ ಹಿಂದಿನಿಂದ ಹಿಡಿದುಕೊಂಡಳು. ಹಾಗೇ ಇಬ್ಬರೂ, ಹಬೆ ಎಲ್ಲ ಕರಗುವವರೆಗೆ.

"ಆರ್ತಾ ಇದೆ," ಎಂದ ಅವನು ಕೊನೆಗೆ. ಫ್ರಾಕನ್ನು ಮತ್ತೆ ಹಾಸಿದ, ಮತ್ತೆ ಒತ್ತಿದ, ಮಡಚಿದ. ಆಮೇಲೆ ಅದನ್ನು ಹಿಡಿದುಕೊಂಡು ಬೀದಿಗಿಳಿದು ನಡೆದ. ಬೇಕರಿ ದಾಟುವಷ್ಟರಲ್ಲಿ ಓಡುತ್ತಿದ್ದ. ಹೆಂಡತಿ ಕಲೆ ಬಿದ್ದ ಬಿಳಿ ಅಂಗಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಷಟರ್ ಎಳೆದು ಅವನ ಹಿಂದೆ ಓಡಿದಳು.

ಬೂದು ಕೋಟಿನವಳಿಗೆ ಅವನು ಹೇಳಿದ್ದು ಇಷ್ಟೇ: "ತಗೊಳ್ಳಿ. ಫೋಟೋ ಇಲ್ಲ, ಹಾರ ಇಲ್ಲ, ಭಾಷಣ ಇಲ್ಲ. ಆ ಅಧ್ಯಕ್ಷನಿಗೂ ಇದಕ್ಕೂ ಸಂಬಂಧ ಇಲ್ಲ."

"ಕಣ್ಣೂ?" ಎಂದು ಅವಳು ಮೆಲ್ಲಗೆ ಕೇಳಿದಳು.

ಅವನು ಅಕ್ಕನ ಕಡೆ ನೋಡಿದ. ಅಕ್ಕ ಬುಗುರಿಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಬಹಳ ಹೊತ್ತು ಬಿಡಲಿಲ್ಲ.

"ತಗೊಳ್ಳಮ್ಮ," ಎಂದಳು. "ಇವಳು ಯಾವತ್ತು ದಾರಿ ನೋಡ್ಕೊಂಡು ಓಡಿದಾಳೆ? ಕಾಲಿಗೇ ಗೊತ್ತು ಎಲ್ಲಾ."

ಮಾರನೆಯ ಬೆಳಿಗ್ಗೆ ಮಂಚವನ್ನು ತಳ್ಳಿಕೊಂಡು ಹೋಗುವ ಮೊದಲು ತಾಯಿ ಆ ಫ್ರಾಕನ್ನು ಕೋಟಿನವಳ ಕೈಗೆ ಕೊಟ್ಟು, "ಎಲ್ಲ ಆದ ಮೇಲೆ ತೊಡಿಸಿ, ಜೇಬು ಮುಂದಕ್ಕೆ ಬರಬೇಕು," ಎಂದಳು. ಅಪ್ಪ ಬಗ್ಗಿ ಮಗಳ ಕೈಗೆ ಕೆನ್ನೆ ಒತ್ತಿದ. ಆಪರೇಷನ್ ಕೋಣೆಯ ಎರಡು ರೆಕ್ಕೆಯ ಬಾಗಿಲು ತೆರೆದು ಮುಚ್ಚಿತು.

ಕಾರಿಡಾರಿನ ಬೆಂಚಿನಲ್ಲಿ ಅವನಿಗೆ ತೂಕಡಿಕೆ. ಬಿಳಿ ಬಟ್ಟೆಗಳ ತಂತಿಸಾಲಿನ ನಡುವೆ ಯಾರೋ ಓಡುತ್ತಿದ್ದರು. ಬಟ್ಟೆ ಸರಿಸಿ ನೋಡಿದರೆ ಇನ್ನೊಂದು ಬಟ್ಟೆ, ಅದರಾಚೆ ನಗು. ಎಚ್ಚರವಾದಾಗ ನಗು ನಿಂತು ಸೆಂಟಿನ ವಾಸನೆ ಉಳಿದಿತ್ತು.

ಅಧ್ಯಕ್ಷರು ಬಂದಿದ್ದರು. ಈ ಸಲ ಜನ ಹೆಚ್ಚು. ತಟ್ಟೆಯಷ್ಟು ಅಗಲದ ಹಾರ, ಎರಡು ಕ್ಯಾಮೆರಾ. ಕೋಟಿನವಳು ಕೈ ಅಡ್ಡ ಹಿಡಿದು, "ಬೇಡ ಅಂದಿದಾರೆ ಸಾರ್, ಹೊರಗೆ ನಡೀರಿ," ಎನ್ನುತ್ತಿದ್ದಳು. ಕೇಳುವವರು ಯಾರು? ಕಾರಿಡಾರು ತುಂಬಿ ಉಸಿರಾಡಲು ಜಾಗವಿಲ್ಲದಂತಾಗಿತ್ತು.

ಹೆಂಡತಿ ಎದ್ದಳು. ನೇರ ಅಧ್ಯಕ್ಷರ ಮುಂದೆ ಹೋಗಿ ನಿಂತಳು. ಅವರು ಹಾರವನ್ನು ಎತ್ತಿದರು, ಕ್ಯಾಮೆರಾಗಳೂ ಎದ್ದವು. ಅವಳು ಕಂಕುಳಿನ ಅಂಗಿಯನ್ನು ತೆಗೆದು ಒಮ್ಮೆ ಕೊಡವಿ ಎಲ್ಲರ ಕಡೆಗೂ ಹರಡಿ ಹಿಡಿದಳು.

"ನಿಮ್ಮ ಅಂಗಿ. ಕೊಡೋದು ತಡ ಆಯ್ತು."

"ಏನಮ್ಮ ಇದು, ಎದೆ ತುಂಬಾ ಕಲೆ?"

"ಉಯ್ಯಾಲೆ ಸರಪಳಿ ಸಾರ್. ಎಷ್ಟು ಉಜ್ಜಿದ್ರೂ ಹೋಗಲ್ಲ." ಅವಳು ಅಂಗಿಯನ್ನು ಅವರತ್ತ ಚಾಚಿದಳು. "ಮೇಲೆ ಬಣ್ಣ ಬಳಿದು ಹಾಕ್ಕೊಳ್ಳಿ."

ಒಬ್ಬ ಕ್ಯಾಮೆರಾದವನು ಅದನ್ನು ಎತ್ತ ತಿರುಗಿಸಬೇಕೆಂದು ತಿಳಿಯದೆ ಅಂಗಿಯತ್ತಲೇ ತಿರುಗಿಸಿದ.

ಆಗ ಎರಡು ರೆಕ್ಕೆಯ ಬಾಗಿಲು ಧಡಾರನೆ ತೆರೆಯಿತು. ಹಸಿರು ಉಡುಪಿನ ಯುವತಿಯೊಬ್ಬಳು ಸಣ್ಣ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಹೊರಬಂದಳು. ಎದುರಿಗೆ ಗೋಡೆಯಂತೆ ಜನ. ಅವಳು ತಬ್ಬಿಬ್ಬಾಗಿ ನಿಂತಳು.

ಪೆಟ್ಟಿಗೆಯಲ್ಲಿ ಐಸಿದೆಯೆಂದು ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ಬೆಂಚಿನ ಮೇಲೆ ಹತ್ತಿ ನಿಂತ. ಎಂದೂ ಬೀದಿಯಲ್ಲಿ ಧ್ವನಿ ಎತ್ತಿದವನಲ್ಲ. ಆ ಧ್ವನಿ ಎಲ್ಲಿತ್ತೋ.

"ದಾರಿ ಬಿಡಿ! ಬಿಸಿ ಇದೆ! ದಾರಿ ಬಿಡೀ!"

ಜನ ಬೆಚ್ಚಿ ಎರಡೂ ಗೋಡೆಗೆ ಅಂಟಿಕೊಂಡರು. ಹಾರ ನೆಲಕ್ಕೆ ಬಿತ್ತು. ಯುವತಿ ಅದನ್ನು ದಾಟಿಕೊಂಡು ಓಡಿದಳು, ಕಾರಿಡಾರಿನ ಉದ್ದಕ್ಕೂ, ತಿರುವಿನವರೆಗೆ, ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಮಾತ್ರ. ಅದೂ ಕೇಳದಾಯಿತು.

ಅವಳು ಬಿಟ್ಟು ಹೋದ ಬಾಗಿಲು ಉಯ್ಯಾಲೆಯಂತೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಒಮ್ಮೆ ಒಳಗಿನ ಬೆಳಕು, ಒಮ್ಮೆ ಹೊರಗಿನ ಬೆಳಕು. ತಾಯಿ ಹತ್ತಿರವೇ ನಿಂತಿದ್ದಳು, ಕೈ ಚಾಚಿದರೆ ಸಿಗುವಷ್ಟು. ಅವಳು ಅದನ್ನು ಹಿಡಿದು ನಿಲ್ಲಿಸಲಿಲ್ಲ.